ವಡೆಗೆ ನಿಲ್ಲುವ ವಿಮಾನ

ಕಿರಂಗೂರಿನ ಅಂದಾನಯ್ಯ ತಾನು ವಿಮಾನ ಹತ್ತಿದ್ದೇನೆಂದು ಯಾರ ಹತ್ತಿರವೂ ಬಾಯಿಬಿಟ್ಟು ಹೇಳಿದವನಲ್ಲ. ಹತ್ತಿಲ್ಲವೆಂದೂ ಹೇಳಲಿಲ್ಲ, ಅಷ್ಟೇ. ಸುಳ್ಳು ಹೇಳುವುದು ಪಾಪವೆಂದು ನಂಬಿದ್ದ ಸಾಧು ಪ್ರಾಣಿ ಅವನು. ಆದರೆ ಊರವರೇ ಮುತುವರ್ಜಿಯಿಂದ ಕಟ್ಟಿ, ಮನೆ ಬಾಗಿಲಿಗೆ ತಂದುಕೊಟ್ಟ ಸುಳ್ಳನ್ನು ಬೇಡವೆಂದು ವಾಪಸು ಕಳಿಸುವುದು ಮರ್ಯಾದಸ್ಥರ ಲಕ್ಷಣವೇ? ನೀವೇ ಹೇಳಿ.

ಎಲ್ಲಕ್ಕೂ ಮೂಲ ಒಂದು ಫೋಟೋ. ಒಂದು ವರ್ಷ ದಸರೆಗೆ ಅಂದಾನಯ್ಯ ಒಬ್ಬನೇ ಮೈಸೂರಿಗೆ ಹೋಗಿದ್ದ. ಎಮ್ಮೆ ಇವತ್ತೋ ನಾಳೆಯೋ ಕರು ಹಾಕುವುದಿತ್ತಾದ್ದರಿಂದ ಹೆಂಡತಿ ದೊಡ್ಡತಾಯಮ್ಮ ಮನೆಯಲ್ಲೇ ಉಳಿದಳು. ವಸ್ತುಪ್ರದರ್ಶನದಲ್ಲಿ ಫೋಟೋ ತೆಗೆಯುವವನೊಬ್ಬ ದೊಡ್ಡ ಹಲಗೆಯ ಮೇಲೆ ವಿಮಾನದ ಚಿತ್ರ ಬರೆದು, ಕಿಟಕಿಯ ಜಾಗದಲ್ಲಿ ತೂತು ಕೊರೆದು ನಿಲ್ಲಿಸಿದ್ದ. ಹಿಂದುಗಡೆ ಹೋಗಿ ನಿಂತು ತೂತಿನಲ್ಲಿ ಮುಖವಿಟ್ಟರೆ ಮುಗಿಯಿತು, ವಿಮಾನ ನಿಮ್ಮದು. ಕಪ್ಪು ಕನ್ನಡಕವನ್ನೂ ಅವನೇ ಕೊಡುತ್ತಿದ್ದ. ಅಂದಾನಯ್ಯ ನಿಂತ, ಕನ್ನಡಕ ಹಾಕಿದ, ಉಸಿರು ಬಿಗಿಹಿಡಿದ. ಫೋಟೋ ಬಂತು. ಮೋಡ ಚೆನ್ನಾಗಿತ್ತು, ರೆಕ್ಕೆ ಚೆನ್ನಾಗಿತ್ತು, ಅಂದಾನಯ್ಯನ ಮೀಸೆಯೂ ಚೆನ್ನಾಗಿತ್ತು. ಕೆಟ್ಟದ್ದು ಒಂದೇ. ಹಲಗೆ ಮೊಣಕಾಲಿಗೇ ಮುಗಿದುಹೋಗಿದ್ದರಿಂದ ವಿಮಾನದ ಹೊಟ್ಟೆಯ ಕೆಳಗೆ ಅವನ ಎರಡು ಕಾಲು ಕಾಣುತ್ತಿದ್ದವು. ಜನಜಂಗುಳಿಯಲ್ಲಿ ಒಂದು ಚಪ್ಪಲಿ ಕಳೆದುಹೋಗಿದ್ದರಿಂದ ಅವುಗಳಲ್ಲಿ ಒಂದು ಬರಿಗಾಲು.

ಶ್ರೀರಂಗಪಟ್ಟಣದಲ್ಲಿ ಫೋಟೋಗೆ ಕಟ್ಟು ಹಾಕುವವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಕಾಲು ಬೇಕಾ ಯಜಮಾನ್ರೇ?” ಅಂದ.

“ನಿಂಗೆಂಗ್ ತೋಚ್ತದೋ ಅಂಗ್ ಮಾಡಪ್ಪ,” ಅಂದ ಅಂದಾನಯ್ಯ, ಎಲ್ಲೋ ನೋಡುತ್ತಾ.

ಅವನು ಕೆಲಸ ಬಲ್ಲವನು. ಕೆಳಗೊಂದು ಕಪ್ಪು ರಟ್ಟು ಕೊಟ್ಟು ಕಾಲುಗಳನ್ನು ಮುಚ್ಚಿ, ಮೇಲೆ ಗಾಜು ಹಾಕಿಬಿಟ್ಟ. ವಿಮಾನ ನೆಲ ಬಿಟ್ಟು ಮೇಲೆದ್ದದ್ದು ಆ ಗಳಿಗೆಯಲ್ಲಿ.

ಮನೆಗೆ ಬಂದ ಮೇಲೆ ಹೆಂಡತಿಗೆ ಹೇಳಿ ನಗಿಸಬೇಕೆಂದೇ ಅವನ ಮನಸ್ಸಿನಲ್ಲಿದ್ದದ್ದು. ಆದರೆ ದೊಡ್ಡತಾಯಮ್ಮ ಫೋಟೋ ನೋಡಿದವಳೇ ಕಣ್ಣಲ್ಲಿ ನೀರು ತಂದುಕೊಂಡು, ಗಾಜಿಗೆ ಕುಂಕುಮ ಇಟ್ಟು, “ಮ್ಯಾಲಿಂದ ನಮ್ಮನೆ ಕಾಣ್ತಾ?” ಎಂದು ಕೇಳಿದಳು. ಅಷ್ಟು ಆಸೆಯಿಂದ ಕೇಳುವವಳಿಗೆ ಏನೆನ್ನುವುದು?

“ಕಾಣ್ತು,” ಅಂದ ಅಂದಾನಯ್ಯ. ತುಸು ತಡೆದು, “ಎಮ್ಮೆನೂ ಕಾಣ್ತು,” ಅಂದ.

ಎಮ್ಮೆಯ ಮಾತು ಸಂಜೆಯೊಳಗೆ ಊರೆಲ್ಲ ಹಬ್ಬಿತು. ಅಂದಿನಿಂದ ಕಿರಂಗೂರಿನ ಮೇಲೆ ಯಾವುದೇ ವಿಮಾನ ಗುಯ್‌ಗುಟ್ಟಿಕೊಂಡು ಹೋದರೂ ಜನ ಮೊದಲು ಆಕಾಶ ನೋಡಿ, ಆಮೇಲೆ ಅಂದಾನಯ್ಯನ ಮುಖ ನೋಡುತ್ತಿದ್ದರು. ಅವನು ಕಣ್ಣಿಗೆ ಕೈ ಅಡ್ಡ ಹಿಡಿದು, “ಡೆಲ್ಲಿದು,” ಅನ್ನುತ್ತಿದ್ದ. ಒಮ್ಮೊಮ್ಮೆ “ಬೊಂಬಾಯಿದು, ಇವತ್ತು ತಡ ಆಗದೆ,” ಅನ್ನುತ್ತಿದ್ದ. ಹೀಗೆ ಹೇಳುವಾಗೆಲ್ಲ ಅವನಿಗೊಂದು ವಿಚಿತ್ರ ಅಭ್ಯಾಸ ಬಂದುಬಿಟ್ಟಿತ್ತು. ವಿಮಾನದ ಮಾತು ಬಂದರೆ ಸಾಕು, ಎರಡೂ ಕಾಲನ್ನು ಎಳೆದು ಪಂಚೆಯೊಳಗೆ ಮುಚ್ಚಿಕೊಳ್ಳುತ್ತಿದ್ದ. ಮನುಷ್ಯ ಚಳಿಗೆ ಹೆದರುತ್ತಾನೆ ಎಂದು ಜನ ತಿಳಿದುಕೊಂಡರು. ಒಳಗೆ ಎಷ್ಟು ನಾಚಿಕೆಯಾಗುತ್ತಿತ್ತೆಂಬುದು ಅವನಿಗೂ ಆ ಕಾಲುಗಳಿಗೂ ಮಾತ್ರ ಗೊತ್ತಿತ್ತು.

ಇದು ಹೀಗೇ ನಡೆದುಕೊಂಡು ಹೋಗಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಚೀನಾ ಯುದ್ಧ ಮುಗಿದು ಎರಡು ವರ್ಷವಾಗಿದ್ದಾಗ ಅರಕೆರೆಯಲ್ಲಿ ಗೌರಿಯ ಮದುವೆ ಕೂಡಿಬಂತು.

ಗೌರಿಯ ತಾಯಿ ಬೆಟ್ಟಮ್ಮ ಕಿರಂಗೂರಿನ ಹೆಣ್ಣು, ಅಂದಾನಯ್ಯನಿಗೆ ಚಿಕ್ಕಪ್ಪನ ಮಗಳು. ಅರಕೆರೆಯ ಬೋರಯ್ಯನಿಗೆ ಕೊಟ್ಟಿತ್ತು. ಅವಳಿಗೆ ಒಡಹುಟ್ಟಿದವನು ಒಬ್ಬನೇ ತಮ್ಮ, ಸೋಮಯ್ಯ. ಅವನು ಮಿಲಿಟರಿಗೆ ಸೇರಿ ಅಸ್ಸಾಮಿನ ಕಡೆ ಗಡಿಯಲ್ಲಿದ್ದ. ಊರು ಬಿಡುವ ದಿನ ಕೊರಳಿಗೆ ಜೋತುಬಿದ್ದು ಅಳುತ್ತಿದ್ದ ಪುಟ್ಟ ಗೌರಿಗೆ, “ಅಳ್ಬ್ಯಾಡ ಕಣವ್ವ, ನಿನ್ನ ಹಸೆಮಣೆಗೆ ನಾನೇ ಎತ್ಕಂಡ್ ಓಯ್ತೀನಿ,” ಎಂದು ಮಾತು ಕೊಟ್ಟು ಹೋಗಿದ್ದ. ನಮ್ಮ ಕಡೆ ಹೆಣ್ಣನ್ನು ಹಸೆಗೆ ಎತ್ತಿಕೊಂಡು ಬರಬೇಕಾದವನು ಸೋದರಮಾವ. ಅದು ಅವನ ಹಕ್ಕು, ಅವನ ಪ್ರೀತಿ, ಅವನ ದೊಡ್ಡಸ್ತಿಕೆ. ಯುದ್ಧದಲ್ಲಿ ತಿಂಗಳುಗಟ್ಟಲೆ ಸೋಮಯ್ಯನ ಸುದ್ದಿಯೇ ಇಲ್ಲದೆ ಬೆಟ್ಟಮ್ಮ ಗಂಜಾಂ ನಿಮಿಷಾಂಬೆಗೆ ಹರಕೆ ಹೊತ್ತು ಹೊತ್ತು ಸಣ್ಣಗಾಗಿದ್ದಳು. ಬದುಕಿದ್ದಾನೆಂದು ಆಮೇಲೆ ತಿಳಿಯಿತು. ಆದರೆ ರಜೆ ಸಿಕ್ಕಿ ಬಂದದ್ದು ಮಾತ್ರ ಇಲ್ಲ.

ಮದುವೆಗೆ ಮೂರು ದಿನವಿದ್ದಾಗ ಟೆಲಿಗ್ರಾಂ ಬಂತು. ಬೋರಯ್ಯನ ಮನೆಯ ಮುಂದೆ ಚಪ್ಪರ ಏಳುತ್ತಿತ್ತು. ಗಂಡಿನ ತಂದೆ, ಕೆ.ಆರ್. ಪೇಟೆ ತಾಲೂಕು ಗೋವಿಂದನಹಳ್ಳಿಯ ಮಂಚಯ್ಯ, ಕೊನೆಯ ಮಾತುಕತೆಗೆಂದು ಬಂದು ಜಗಲಿಯ ಮೇಲೆ ಗಂಭೀರವಾಗಿ ಎಲೆಯಡಿಕೆ ಹಾಕುತ್ತಿದ್ದರು. ಅಂದಾನಯ್ಯನೂ ಚಪ್ಪರಕ್ಕೆ ಕೈಹಚ್ಚಲು ಬಂದಿದ್ದ. ಶಾಲೆಯ ದೇವಯ್ಯ ಮೇಷ್ಟ್ರು ಟೆಲಿಗ್ರಾಂ ಓದಿ, “ರಜ ಸಿಕ್ಕಿದೆಯಂತೆ. ಭಾನುವಾರ ಬೆಳಿಗ್ಗೆ ಕಲ್ಕತ್ತಾದಿಂದ ಬೆಂಗಳೂರಿಗೆ ವಿಮಾನದಲ್ಲಿ ಹೊರಡ್ತಾನಂತೆ,” ಅಂದರು.

ಬೆಟ್ಟಮ್ಮ ಒಳಗಿಂದ ಓಡಿಬಂದಳು. ಬೋರಯ್ಯ ತಲೆ ಕೆರೆದುಕೊಂಡು, “ಭಾನ್ವಾರ ಅಲ್ಲಿ ಒಂಟ್ರೆ, ಸೋಮ್ವಾರ ಬೆಳಿಗ್ಗೆ ಲಗ್ನಕ್ಕೆ ಇಲ್ಲಿರ್ತಾನಾ?” ಅಂದ.

ಜಗಲಿಯ ಮೇಲಿದ್ದ ಅಷ್ಟೂ ಮುಖ ಒಟ್ಟಿಗೆ ಅಂದಾನಯ್ಯನ ಕಡೆ ತಿರುಗಿದವು. ಅಂದಾನಯ್ಯ ಕಾಲು ಮುಚ್ಚಿಕೊಂಡ.

“ಮೊದ್ಲು ದೂರ ಎಷ್ಟದೆ ಅಂತ ಗೊತ್ತಾಗ್ಲಿ,” ಅಂದ, ಹೊತ್ತು ತಳ್ಳಲು.

ಮೇಷ್ಟ್ರು ಅದಕ್ಕೂ ಸಿದ್ಧ. ಶಾಲೆಯ ಗೋಡೆಯಿಂದ ಭೂಪಟವನ್ನೇ ಬಿಚ್ಚಿಸಿ ತಂದು ಜಗಲಿಯ ಮೇಲೆ ಹಾಸಿ, ಹೂ ಕಟ್ಟುವ ದಾರ ಇಸಿದುಕೊಂಡು ಕಲ್ಕತ್ತಾದ ಚುಕ್ಕಿಯಿಂದ ಬೆಂಗಳೂರಿನ ಚುಕ್ಕಿಗೆ ಎಳೆದು ಹಿಡಿದರು. “ಹೆಚ್ಚೂಕಡಿಮೆ ಸಾವಿರ ಮೈಲಿ,” ಅಂದರು.

ಬೋರಯ್ಯನ ತಾಯಿ ಚಿಕ್ಕಬೋರಮ್ಮ ಮೂಲೆಯಲ್ಲಿ ಕೂತು ಅಡಿಕೆ ಕುಟ್ಟುತ್ತಿದ್ದಳು. ಕುಟ್ಟುವುದನ್ನು ನಿಲ್ಲಿಸಿ, “ಸಾವ್ರ ಮೈಲಿ ಅಂದ್ರೆ ನಾಗಮಂಗಲ್ದಿಂದ ಅತ್ಲಾಗಾ?” ಅಂದಳು.

“ಅತ್ಲಾಗೇ ಕಣಜ್ಜಿ.”

“ಅಯ್ಯೋ ಶಿವ್ನೇ,” ಎಂದು ಮತ್ತೆ ಕುಟ್ಟತೊಡಗಿದಳು.

ಮೇಷ್ಟ್ರು ದಾರ ಸುತ್ತುತ್ತಾ, “ನನ್ನ ತಿಳುವಳಿಕೇಲಿ ಅದೇ ದಿನ ಬೆಂಗಳೂರು ಮುಟ್ಟುತ್ತೆ. ಪೇಪರಿನಲ್ಲಿ ಓದಿದ್ದೆ,” ಅಂದರು. ಅಂದಾನಯ್ಯ ಅಲ್ಲಿ ಹೂಂ ಅಂದುಬಿಟ್ಟಿದ್ದರೆ ಈ ಕಥೆ ಇರುತ್ತಿರಲಿಲ್ಲ, ನೀವೂ ನಿಮ್ಮ ಕೆಲಸ ನೋಡಿಕೊಳ್ಳಬಹುದಿತ್ತು. ಆದರೆ ಮಂಚಯ್ಯನವರು ಎಲೆಯಡಿಕೆ ಉಗಿದುಬಂದು, “ಪೇಪರ್ನೋರು ಏನಾರ ಬರ್ಕತಾರೆ ಬುಡಿ. ವಿಮಾನದಲ್ಲಿ ಕೂತಿದ್ದೋರು ಇಲ್ಲೇ ಅವ್ರಂತಲ್ಲ, ಅವ್ರನ್ನೇ ಕೇಳಿ,” ಅಂದುಬಿಟ್ಟರು. ಕೆ.ಆರ್. ಪೇಟೆ ತಾಲೂಕಿನವರೆಗೂ ಹೆಸರು ಹೋಗಿದೆ ಎಂದಮೇಲೆ ಮೇಷ್ಟ್ರು ಹೇಳಿದ್ದನ್ನೇ ಹೇಳಲು ಅಂದಾನಯ್ಯನೇ ಯಾಕೆ ಬೇಕು?

“ಮೇಷ್ಟ್ರೇ, ನೀವು ಓದಿದೋರು,” ಅಂದ ಅಂದಾನಯ್ಯ. “ನಾನು ಕೂತಿದ್ದೋನು.”

ಅಂದಾನಯ್ಯ ಕಣ್ಣು ಮುಚ್ಚಿಕೊಂಡ. ವಿಮಾನಯಾನವನ್ನು ನೆನೆಸಿಕೊಳ್ಳುತ್ತಿದ್ದಾನೆಂದು ಜನ ಉಸಿರು ಹಿಡಿದು ಕಾದರು. ಅವನು ನೆನೆಸಿಕೊಳ್ಳುತ್ತಿದ್ದದ್ದು ಬೆಂಗಳೂರಿನ ಬಸ್ಸನ್ನು. ಅವನ ಆಯಸ್ಸಿನಲ್ಲಿ ಅವನು ಮಾಡಿದ ದೂರಪ್ರಯಾಣ ಅದೊಂದೇ.

“ಬೆಂಗ್ಳೂರಿಂದ ಸೀರಂಗಪಟ್ಣಕ್ಕೆ ಬಸ್ಸಿಗೆ ಎಷ್ಟೊತ್ತು?”

“ಅರ್ಧ ದಿನ,” ಅಂದ ಬೋರಯ್ಯ.

“ಅದೆಷ್ಟು ಮೈಲಿ ಮೇಷ್ಟ್ರೇ?”

ಮೇಷ್ಟ್ರು ದಾರವಿಟ್ಟು, “ಒಂದೆಂಬತ್ತು,” ಅಂದರು.

“ಎಂಬತ್ತಕ್ಕೆ ಅರ್ಧ ದಿನ. ಸಾವ್ರಕ್ಕೆ?”

ಮೇಷ್ಟ್ರು ಮನಸ್ಸಿಲ್ಲದ ಮನಸ್ಸಿನಿಂದ ಬೆರಳು ಮಡಿಸಿ, “ಆರು ದಿನದ ಮೇಲಾಗುತ್ತೆ. ಆದ್ರೆ ಅದು ಬಸ್ಸಿಗಲ್ಲವಾ?” ಅಂದರು.

“ಬಸ್ಸಿಗೆ. ವಿಮಾನ ಅದ್ರ ಎಲ್ಡರಷ್ಟು ಜೋರು. ಮ್ಯಾಲೆ ಗುಂಡಿ ಇಲ್ವಲ್ಲ,” ಅಂದ ಅಂದಾನಯ್ಯ. “ಅಲ್ಲಿಗೆ ಮೂರು ದಿನ.”

“ಬಸ್ಸು ಮದ್ದೂರಿನಲ್ಲಿ ವಡೆಗೆ ನಿಲ್ಲುತ್ತೆ ಕಣ್ರೀ, ಅದಕ್ಕೇ ಅಷ್ಟು ಹೊತ್ತು! ವಿಮಾನ ಯಾಕೆ ನಿಲ್ಲುತ್ತೆ?” ಅಂದರು ಮೇಷ್ಟ್ರು.

“ಡ್ರೈವರ್ಗೆ ಒಟ್ಟೆ ಇಲ್ವಾ?”

ಜಗಲಿಯಲ್ಲಿ ಮೆಚ್ಚುಗೆಯ ಗುಜುಗುಜು ಎದ್ದಿತು. ಹೌದು, ಮನುಷ್ಯ ಅಂದಮೇಲೆ ಹೊಟ್ಟೆ ಇರಲೇಬೇಕು. ಮೇಷ್ಟ್ರು ಸೋಲೊಪ್ಪಲಿಲ್ಲ. “ರಾತ್ರಿ ಹೊತ್ತು?” ಅಂದರು.

“ನೈಟ್ ಆಲ್ಟು,” ಅಂದ ಅಂದಾನಯ್ಯ.

ಅರಕೆರೆಯ ಪಾಲಿಗೆ ಅದರ ಮೇಲೆ ಮಾತಿರಲಿಲ್ಲ. ಶ್ರೀರಂಗಪಟ್ಟಣದಿಂದ ಬರುವ ಕಡೇ ಬಸ್ಸು ದಿನಾ ರಾತ್ರಿ ಅರಕೆರೆಯಲ್ಲೇ ನಿಂತು, ಡ್ರೈವರು ಕಂಡಕ್ಟರು ಯಾರದೋ ಜಗಲಿಯ ಮೇಲೆ ಮಲಗಿದ್ದು, ಬೆಳಕು ಹರಿದ ಮೇಲೆ ಹೊರಡುತ್ತಿತ್ತು. ನೆಲದ ಮೇಲೆ ಹೋಗುವ ಬಸ್ಸೇ ಕತ್ತಲೆಗೆ ಹೆದರಿ ನಿಲ್ಲುವಾಗ ಆಕಾಶದಲ್ಲಿ ಹೋಗುವುದರ ಗತಿ ಏನು? ಭಾನುವಾರಕ್ಕೆ ಮೂರು ಸೇರಿಸಿದರು. ಬುಧವಾರ ಬಂತು.

ಬೆಟ್ಟಮ್ಮ ಮಾತ್ರ ಬಾಗಿಲಿನಲ್ಲೇ ನಿಂತಿದ್ದಳು. “ಅಣ್ಣಾ, ಇನ್ನೊಂದ್ ಸಲ ಸರಿಯಾಗ್ ಯೋಚ್ನೆ ಮಾಡಿ ಯೋಳಿ. ಎಣ್ಣ ಎತ್ಕಂಡ್ ಓಗೋಕೆ ಅಂತ್ಲೇ ಅಲ್ಲಿಂದ ಬತ್ತಾವ್ನೆ ಅವ್ನು,” ಅಂದಳು.

ಅಂದಾನಯ್ಯ ಅವಳ ಕಡೆ ತಿರುಗಿದ. “ಬೆಟ್ಟವ್ವ, ನಿಜ ಯೋಳ್ಬೇಕು ಅಂದ್ರೆ...” ಎಂದು ಶುರುಮಾಡಿದ.

“ನಿಜ ಏನಾರ ಇರ್ಲಿ, ಲಗ್ನ ಮುಂದಕ್ಕೆ ಆಕೋ ಮಾತ್ ಮಾತ್ರ ಬ್ಯಾಡ,” ಎಂದು ಮಂಚಯ್ಯನವರು ಅಡ್ಡ ಬಂದರು. “ನಮ್ದು ಆಲೆಮನೆ ನಡೀತಾ ಅದೆ, ಬೆಲ್ಲ ಬುಟ್ಟು ನಾನು ಎಷ್ಟ್ ಸಲ ಬರ್ಲಿ? ವರಸೆನಲ್ಲಿ ಅಂದಾನಯ್ನೋರೂ ಸೋದರಮಾವ್ನೇ ಆಗಬೇಕಲ್ವಾ? ಅವ್ರೇ ಎತ್ಕಂಡ್ ಬರ್ಲಿ. ವಿಮಾನ್ದಲ್ಲಿ ಓಡಾಡಿರೋ ಜನ, ನಮ್ಗೂ ಒಂದ್ ಗೌರವ.”

ಬೋರಯ್ಯನಿಗೆ ಬೀಗರ ಮಾತು ವೇದವಾಕ್ಯ. ಒಳಗಿಂದ ಜರಿ ಪೇಟ ತಂದೇಬಿಟ್ಟ. ಸೋಮಯ್ಯನಿಗೆಂದು ತಂದಿಟ್ಟಿದ್ದ ಪೇಟ. ಅದನ್ನು ಅಂದಾನಯ್ಯನ ತಲೆಗೆ ಅಳತೆ ನೋಡಿದರು. ಕಣ್ಣು ಮುಚ್ಚುವಷ್ಟು ದೊಡ್ಡದಾಯಿತು. ಹೇಳಬೇಕೆಂದಿದ್ದ ನಿಜವನ್ನು ಅಂದಾನಯ್ಯ ಎಲೆಯಡಿಕೆಯ ಜೊತೆ ನುಂಗಿಕೊಂಡ.

“ಎಂಗಾರ ಆಗ್ಲಿ, ಸೋಮ್ವಾರ ಬೆಳಿಗ್ಗೆ ಸೀರಂಗಪಟ್ಣದ ಟೇಸನ್ನಿಗೆ ಗಾಡಿ ಕಳ್ಸಾನ ಅಣ್ಣಾ,” ಅಂದಳು ಬೆಟ್ಟಮ್ಮ ಕಡೆಯದಾಗಿ.

ಪೇಟದ ಒಳಗಿನಿಂದ ಉತ್ತರ ಬಂತು. “ಬುಧ್ವಾರ ಕಳ್ಸವ್ವ. ಸುಮ್ಕೆ ಎತ್ತಿಗ್ಯಾಕೆ ಆಯಾಸ.”

ಭಾನುವಾರ ಕಿರಂಗೂರಿನಲ್ಲಿ ಅಂದಾನಯ್ಯನಿಗೆ ಬೇರೆಯೇ ಚಿಂತೆ. ಗೌರಿ ಕಬ್ಬಿನ ಹೊರೆ ಹೊತ್ತು ಗದ್ದೆಯ ಬದುವಿನ ಮೇಲೆ ದಡದಡ ನಡೆಯುತ್ತಿದ್ದ ಹುಡುಗಿ. ಅಂದಾನಯ್ಯನೋ ಗಾಳಿ ಬಂದ ಕಡೆ ವಾಲುವ ಆಸಾಮಿ. ಅವಳು ಇವನನ್ನು ಎತ್ತಿಕೊಂಡು ಹೋಗಬೇಕೆಂಬ ಶಾಸ್ತ್ರವಿದ್ದಿದ್ದರೆ ಎಲ್ಲರಿಗೂ ಅನುಕೂಲವಾಗುತ್ತಿತ್ತು. ಅಭ್ಯಾಸಕ್ಕೆಂದು ಅವನು ನಡುಮನೆಯಲ್ಲಿದ್ದ ರಾಗಿ ಮೂಟೆಯನ್ನು ತಬ್ಬಿಕೊಂಡು ಎತ್ತಲು ನೋಡಿದ. ಮೂಟೆ ಅಲ್ಲಾಡಲಿಲ್ಲ.

“ಇದ್ಯಾಕೆ ರಾಗಿ ಮೂಟೆ ತಬ್ಕಂಡ್ ನಿಂತಿದ್ದೀರಿ?” ಅಂದಳು ಒಳಗೆ ಬಂದ ದೊಡ್ಡತಾಯಮ್ಮ.

“ಉಳ ಬಿದ್ದದಾ ಅಂತ ನೋಡ್ತಿದ್ದೆ.”

“ತಬ್ಕಂಡಾ?” ಎಂದು ಅವಳು ನಕ್ಕು, ಗೋಡೆಯಿಂದ ಫೋಟೋ ಇಳಿಸಿ ಸೆರಗಿನಿಂದ ಒರೆಸತೊಡಗಿದಳು. ಗೋವಿಂದನಹಳ್ಳಿಯ ಹೆಂಗಸರು ನೋಡಬೇಕೆಂದು ಹೇಳಿ ಕಳಿಸಿದ್ದಾರಂತೆ, ಮದುವೆಗೆ ತೆಗೆದುಕೊಂಡು ಹೋಗುತ್ತಾಳಂತೆ. ಬೇಡವೆಂದು ಅಂದಾನಯ್ಯ ಎಷ್ಟು ಹೇಳಿದರೂ ಕೇಳಲಿಲ್ಲ.

ಸಂಜೆಯ ಹೊತ್ತಿಗೆ ಊರಿನ ಮೇಲೊಂದು ವಿಮಾನ ಹಾದುಹೋಯಿತು. ಕೆರೆಯ ಏರಿಯ ಮೇಲಿದ್ದ ಮರಿಯಯ್ಯ ಕೂಗಿ ಕೇಳಿದ, “ಅಂದಾನಣ್ಣೋ, ನಮ್ ಸೋಮ ಅದ್ರಲ್ಲೇನಾರ ಅವ್ನಾ?”

“ಇಲ್ಲ ಕಣ್ಲಾ, ಅದು ಬೊಂಬಾಯಿದು. ನಮ್ಮೋನ್ದು ಈಗಿನ್ನೂ ಆಂಧ್ರದ ಅತ್ರ ವಡೆಗೆ ನಿಂತಿರ್ತದೆ,” ಅಂದ ಅಂದಾನಯ್ಯ. ಅಷ್ಟು ಹೊತ್ತಿಗೆ ಅವನೇ ಅವನನ್ನು ನಂಬತೊಡಗಿದ್ದ. ಅದು ಈ ರೋಗದ ಕಡೆಯ ಹಂತ.

ಸೋಮವಾರ ಬೆಳಿಗ್ಗೆ ಅರಕೆರೆಯ ಚಪ್ಪರದಲ್ಲಿ ಕಾಲಿಡಲು ಜಾಗವಿರಲಿಲ್ಲ. ವಾಲಗದವರು ಕೆನ್ನೆ ಉಬ್ಬಿಸಿ ಊದುತ್ತಿದ್ದರು. ಹಸೆಮಣೆಯ ಪಕ್ಕದ ಕಂಬಕ್ಕೆ ದೊಡ್ಡತಾಯಮ್ಮ ಫೋಟೋ ನೇತುಹಾಕಿ ಅದಕ್ಕೊಂದು ಚೆಂಡುಹೂವಿನ ಹಾರವನ್ನೂ ಹಾಕಿದ್ದಳು. ಹಾರ ನೋಡಿ ಗಂಡಿನ ಕಡೆಯ ಒಬ್ಬಿಬ್ಬರು ಯಾರೋ ಹಿರಿಯರು ತೀರಿಕೊಂಡಿದ್ದಾರೆಂದು ಕೈ ಮುಗಿದು ಹೋದರು. ಒಳಗೆ ಬೆಟ್ಟಮ್ಮ ಮಗಳಿಗೆ ಹೂ ಮುಡಿಸುತ್ತಾ ಮುಡಿಸುತ್ತಾ ಬೀದಿ ಕಡೆ ನೋಡುತ್ತಿದ್ದಳು. ಯಾರಿಗೂ ಕಾಣದಂತೆ ಕಣ್ಣೊರೆಸಿಕೊಂಡದ್ದು ಅಂದಾನಯ್ಯನೊಬ್ಬನಿಗೆ ಕಂಡುಬಿಟ್ಟಿತು. ಕಾಣಬಾರದಿತ್ತು.

“ಲಗ್ನ ಬಂತು, ಎಣ್ಣ ಕರ್ಕಂಡ್ ಬನ್ನಿ,” ಎಂದು ಕೂಗಿದರು.

ಅಂದಾನಯ್ಯ ಪೇಟವನ್ನು ಹಿಂದಕ್ಕೆ ತಳ್ಳಿ, ಮನೆದೇವರನ್ನು ನೆನೆದು, ಗೌರಿಯನ್ನು ಎತ್ತಿದ. ಎತ್ತಿಯೇಬಿಟ್ಟ. ಗೌರಿಗೂ ಆಶ್ಚರ್ಯವಾಯಿತು. ಸೊಂಟ ಕಟಕ್ಕೆಂದಿತು. ಒಂದೊಂದೇ ಹೆಜ್ಜೆ ಇಡುತ್ತಾ ಚಪ್ಪರದ ನಡುವಿಗೆ ಬಂದಿದ್ದ. ಆಗಲೇ ಬಾಗಿಲ ಕಡೆಯಿಂದ ಒಂದು ದನಿ ಕೇಳಿತು.

“ಅಕ್ಕಾ.”

ಖಾಕಿ ಅಂಗಿ, ಕೈಯಲ್ಲಿ ತಗಡಿನ ಟ್ರಂಕು, ಕಪ್ಪಗಾದ ಮುಖ. ಸೋಮಯ್ಯ! ಬೆಟ್ಟಮ್ಮ ಕಿಟಾರನೆ ಕಿರುಚಿ ಓಡಿಹೋಗಿ ತಮ್ಮನನ್ನು ತಬ್ಬಿಕೊಂಡಳು. ವಾಲಗ ನಿಂತಿತು. ಊರಿಗೆ ಊರೇ ಎದ್ದು ನಿಂತಿತು. ಅಂದಾನಯ್ಯನೂ ನಿಂತ, ತೋಳಿನಲ್ಲಿ ಗೌರಿಯನ್ನು ಹೊತ್ತುಕೊಂಡು. ಒಮ್ಮೆ ಎತ್ತಿದ ಹೆಣ್ಣಿನ ಪಾದ ಹಸೆ ಮುಟ್ಟುವ ತನಕ ನೆಲ ಮುಟ್ಟುವಂತಿಲ್ಲ. ಇಳಿಸುವ ಹಾಗಿಲ್ಲ, ಮುಂದೆ ಹೋಗುವ ಹಾಗೂ ಇಲ್ಲ. ಈ ಸ್ಥಿತಿಯಲ್ಲೇ ಅವನ ವಿಚಾರಣೆ ನಡೆಯಿತು.

“ಇವ್ರೇ ಏನ್ ಸೋಮಯ್ನೋರು?” ಅಂದರು ಮಂಚಯ್ಯನವರು. “ಬುಧ್ವಾರ ಬರ್ಬೇಕಿತ್ತಲ್ಲ ನೀವು?”

“ಬುಧ್ವಾರ ಯಾಕೆ? ನಿನ್ನೆ ಬೆಳಿಗ್ಗೆ ಕಲ್ಕತ್ತಾದಲ್ಲಿ ವಿಮಾನ ಅತ್ತಿದೆ, ಮದ್ರಾಸ್ನಲ್ಲಿ ಇನ್ನೊಂದ್ ವಿಮಾನ. ಸಂಜೆಗೆಲ್ಲ ಬೆಂಗ್ಳೂರ್ನಲ್ಲಿದ್ದೆ. ರಾತ್ರಿ ರೈಲು ಇಡ್ದು ಸೀರಂಗಪಟ್ಣದಲ್ಲಿ ಇಳ್ದೆ. ಯಾರಾರ ಗಾಡಿ ತಂದಿರ್ತೀರ ಅಂತ ಟೇಸನ್ನಲ್ಲಿ ಕಾದೆ, ಯಾರೂ ಬರ್ಲಿಲ್ಲ. ಆಮ್ಯಾಕೆ ಮೊದುಲ್ನೇ ಬಸ್ಸಿಗೆ ಬಂದೆ.”

“ಎಲ್ಲೂ ನಿಲ್ಲುಸ್ಲಿಲ್ವಾ?”

“ಎಲ್ಲಿ ನಿಲ್ಲುಸ್ಬೇಕಿತ್ತು?”

“ವಡೆಗೆ,” ಅಂದರು ಮಂಚಯ್ಯನವರು ಗಂಭೀರವಾಗಿ.

“ಯಾವ್ ವಡೆ?”

ಎಲ್ಲರೂ ಅಂದಾನಯ್ಯನನ್ನು ನೋಡಿದರು. ಗೌರಿ ಅವನ ತೋಳಿನಿಂದ ಜಾರುತ್ತಿದ್ದಳು, ಪೇಟ ಮೂಗಿನ ಮೇಲೆ ಇಳಿದಿತ್ತು. “ಗಾಳಿ... ಗಾಳಿ ಇಂದ್ಗಡೆಯಿಂದ ಬೀಸಿರ್ಬೇಕು,” ಅಂದ.

“ಮಾವ, ಬೀಳುಸ್ಬುಟ್ಟೀರಾ,” ಎಂದು ಗೌರಿ ಮೆಲ್ಲಗೆ ಎಚ್ಚರಿಸಿದಳು.

“ಎಂಥಾ ಗಾಳಿ ರೀ ಅದು, ಮೂರು ದಿನದ್ದು ಒಂದು ದಿನಕ್ಕೆ ಬಂತಲ್ಲ!” ಎಂದು ಮೇಷ್ಟ್ರು ಮುಂದೆ ಬಂದರು. ಮೂರು ದಿನದಿಂದ ಕುದಿಯುತ್ತಿದ್ದ ಮನುಷ್ಯ. “ನೈಟ್ ಹಾಲ್ಟು ಏನಾಯ್ತು?”

ಅಂದಾನಯ್ಯ ಹಿಂದೆ ಒಂದು ಹೆಜ್ಜೆ ಇಟ್ಟ. ತೋಳು ಸೋತು ಬೆನ್ನು ಕಂಬಕ್ಕೆ ಬಡಿಯಿತು. ಚಪ್ಪರ ಅಲ್ಲಾಡಿತು. ಮೊಳೆಯಲ್ಲಿದ್ದ ಫೋಟೋ ಹಾರದ ಸಮೇತ ಕೆಳಕ್ಕೆ ಬಿದ್ದು, ಗಾಜು ಪಟಾರನೆ ಒಡೆದು, ಕಟ್ಟು ಬಿಚ್ಚಿಕೊಂಡು, ಕಪ್ಪು ರಟ್ಟು ಅತ್ತ ಜಾರಿತು.

ಹತ್ತಿರದಲ್ಲಿದ್ದವಳು ಚಿಕ್ಕಬೋರಮ್ಮ. ಹುಷಾರಾಗಿ ಗಾಜು ಕೊಡವಿ ಫೋಟೋ ಎತ್ತಿಕೊಂಡಳು. ಬೆಳಕಿಗೆ ಹಿಡಿದು ನೋಡಿದಳು. ಹತ್ತಿರ ತಂದು ನೋಡಿದಳು.

“ಲಾ ಅಂದಾನಿ,” ಅಂದಳು ಮುದುಕಿ. “ಈ ವಿಮಾನಕ್ಕೆ ಕಾಲು ಅವಲ್ಲಾ!”

ಸುತ್ತಲಿದ್ದವರು ಫೋಟೋ ಕಡೆ ಕತ್ತು ಚಾಚಿದರು.

“ಒಂದ್ರಾಗೆ ಚಪ್ಲಿನೂ ಅದೆ,” ಎಂದು ಅವಳು ಇನ್ನೂ ಕೂಲಂಕಷವಾಗಿ ನೋಡಿ, ಎಲ್ಲರ ಕಡೆ ತಿರುಗಿ, ಸಮಾಧಾನವಾಗಿ ತೀರ್ಪು ಕೊಟ್ಟಳು: “ಮತ್ತೆ ಸರಿಯಾಗೇ ಯೋಳವ್ನಲ್ಲ ಪಾಪ! ನಡ್ಕಂಡ್ ಓಗೋ ವಿಮಾನ ಮೂರ್ ದಿನ ಆಗ್ದೆ ಇನ್ನೇನ್ ಮಾಡಾತು?”

ಚಪ್ಪರ ಹಾರಿಹೋಗುವಂತೆ ನಗು ಎದ್ದಿತು. ವಾಲಗದವನು ನಗುತ್ತಲೇ ಊದಹೋಗಿ ವಾಲಗ ಕೆಮ್ಮಿತು. ಮಂಚಯ್ಯನವರು ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟರು. ಮೇಷ್ಟ್ರು ಫೋಟೋವನ್ನು ಇಸಿದುಕೊಂಡು, “ಕೂತಿದ್ದೋನು ಅಂದ್ರಲ್ಲ ಅಂದಾನಯ್ನೋರೇ, ಇದ್ರಲ್ಲಿ ಕೂತೂ ಇಲ್ವಲ್ರೀ, ನಿಂತಿದ್ದೀರಿ!” ಅಂದರು. ಮೂಲೆಯಲ್ಲಿ ದೊಡ್ಡತಾಯಮ್ಮ ಒಬ್ಬಳೇ ನಗಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು, “ಎಮ್ಮೆ ಕಾಣ್ತು ಅಂದ್ರಲ್ಲ...” ಅಂದಳು. ಅದೊಂದು ಮಾತಿಗೆ ಅಂದಾನಯ್ಯನ ಮೈ ಕುಗ್ಗಿಹೋಯಿತು. ಭೂಮಿ ಬಾಯಿಬಿಟ್ಟರೆ ಗೌರಿಯ ಸಮೇತ ಇಳಿದುಬಿಡುತ್ತಿದ್ದ. ಕಾಲು ಮುಚ್ಚಿಕೊಳ್ಳೋಣವೆಂದರೆ ಎರಡೂ ಕೈಯಲ್ಲಿ ಮದುಮಗಳು.

ನಗದಿದ್ದ ಇನ್ನೊಬ್ಬ ಸೋಮಯ್ಯ. ಅವನು ಟ್ರಂಕು ಕೆಳಗಿಟ್ಟು ನೆಟ್ಟಗೆ ಬಂದ. ಹೊಡೆಯುತ್ತಾನೆ ಎಂದುಕೊಂಡ ಅಂದಾನಯ್ಯ. ಹೊಡೆದರೆ ವಾಸಿ ಎಂದೂ ಅನ್ನಿಸಿತು. “ತಕ್ಕಳಪ್ಪ ಸೋಮ, ನಿನ್ ಸೊಸೆ. ನಿನ್ ಪೇಟ. ತಪ್ಪಾಯ್ತು ಕಣಪ್ಪ,” ಅಂದ. ಕಣ್ಣು ಮೇಲೆತ್ತಲಿಲ್ಲ.

ಸೋಮಯ್ಯ ಗೌರಿಯ ಕಡೆ ಕೈ ಚಾಚಿದ. ಆಗ ಕಂಡಿತು. ಬಲಗೈಯಲ್ಲಿ ಹೆಬ್ಬೆರಳು ತೋರುಬೆರಳು ಬಿಟ್ಟರೆ ಬೇರೆ ಬೆರಳೇ ಇರಲಿಲ್ಲ. ನಗು ತಟ್ಟನೆ ನಿಂತಿತು. ಬೆಟ್ಟಮ್ಮ ಬಾಯಿಗೆ ಕೈ ಇಟ್ಟುಕೊಂಡಳು.

“ಗಡಿ ಚಳೀಲಿ ಮಂಜು ಕಚ್ಚಿ ತಿಂದಾಕ್ತು ಕಣಕ್ಕ. ಬರ್ದ್ರೆ ನೀನು ಅಳ್ತೀಯ ಅಂತ ಬರೀಲಿಲ್ಲ,” ಅಂದ ಸೋಮಯ್ಯ. ಆಮೇಲೆ ಅಂದಾನಯ್ಯನಿಗೆ ಮಾತ್ರ ಕೇಳುವಂತೆ, “ಬುಡ್ಬ್ಯಾಡಣ್ಣ, ಅಂಗೇ ಇಡ್ಕ. ಒಬ್ಬನ ಕೈಲಿ ಆಗಕಿಲ್ಲ. ವಿಮಾನ್ದಲ್ಲೆಲ್ಲ ಅದೇ ಯೋಚ್ನೆ ಮಾಡ್ಕಂಡ್ ಬಂದೆ, ಎಂಗಪ್ಪಾ ಎತ್ತೋದು ಅಂತ,” ಅಂದ.

ಒಂದು ಕಡೆ ಸೋಮಯ್ಯ, ಒಂದು ಕಡೆ ಅಂದಾನಯ್ಯ. ಇಬ್ಬರು ಮಾವಂದಿರು ಸೇರಿ ಗೌರಿಯನ್ನು ಹಸೆಗೆ ತಂದು ಕೂರಿಸಿದರು. ವಾಲಗ ಮತ್ತೆ ಶುರುವಾಯಿತು. ಅಂದಾನಯ್ಯ ಪೇಟವನ್ನು ತೆಗೆದು ಸೋಮಯ್ಯನ ತಲೆಗಿಟ್ಟ. ಸರಿಯಾಗಿ ಕೂತಿತು.

ಊಟಕ್ಕೆ ಕೂತಾಗ ಎಲೆಯ ಮೇಲೆ ವಡೆ ಬಡಿಸುತ್ತಾ ಬಂದ ಬೋರಯ್ಯ, “ಬಾವ, ವಿಮಾನ ಇಲ್ಲಿ ಒಸಿ ನಿಲ್ತದಾ, ಮುಂದಿನ ಊರ್ಗೇ ಓಯ್ತದಾ?” ಅಂದ. ಪಂಕ್ತಿಗೆ ಪಂಕ್ತಿಯೇ ಬಿದ್ದು ನಕ್ಕಿತು. ಅಂದಾನಯ್ಯ ಅದನ್ನೂ ಸಹಿಸಿಕೊಂಡ. ತನಗೆ ಬರಬೇಕಾದ್ದು, ಬರಲಿ. ಸಹಿಸಲಾಗದೇ ಹೋದದ್ದು ಹಿಂದೆಯೇ ತುಪ್ಪ ಹಿಡಿದು ಬಂದ ಬೆಟ್ಟಮ್ಮನ ಮಾತು. ಅವಳು ಬೈಯಲಿಲ್ಲ. ಬಗ್ಗಿ ತುಪ್ಪ ಹಾಕುತ್ತಾ, “ಗೊತ್ತಿಲ್ಲ ಕಣವ್ವ ಅಂದಿದ್ರೆ ಸಾಕಾಗಿತ್ತಲ್ಲ ಅಣ್ಣಾ. ಬೆಳಿಗ್ಗೆ ಅವ್ನು ಟೇಸನ್ನಲ್ಲಿ ಒಬ್ನೇ ಕೂತಿದ್ನಂತೆ,” ಅಂದಳು.

ಅಂದಾನಯ್ಯ ಊಟ ಬಿಟ್ಟೆದ್ದ. ಬಸ್ಸಿಗೂ ಕಾಯಲಿಲ್ಲ. ಕಂಡಕ್ಟರಿಗೂ ಸುದ್ದಿ ಮುಟ್ಟಿರುತ್ತದೆಂದು ಅವನಿಗೆ ಗೊತ್ತಿತ್ತು. ಅರಕೆರೆಯಿಂದ ಕಿರಂಗೂರಿನ ತನಕ ಕಾಲುವೆ ಏರಿ ಹಿಡಿದು ನಡೆದ. ದೊಡ್ಡತಾಯಮ್ಮ ಫೋಟೋವನ್ನು ಬಗಲಲ್ಲಿಟ್ಟುಕೊಂಡು ಹಿಂದೆ ಹಿಂದೆ ನಡೆದಳು.

ಮಾರನೇ ದಿನ ಅವಳು ತಾನೇ ಶ್ರೀರಂಗಪಟ್ಟಣಕ್ಕೆ ಹೋಗಿ ಫೋಟೋಗೆ ಹೊಸ ಗಾಜು ಹಾಕಿಸಿಕೊಂಡು ಬಂದಳು. ಕಟ್ಟು ಹಾಕುವವನು ರಟ್ಟು ಕೈಗೆತ್ತಿಕೊಂಡನಂತೆ. ಇವಳು ಬೇಡ ಅಂದಳಂತೆ. “ಕಾಲೊಂದೇ ನಿಜ ಇರೋದು ಇದ್ರಾಗೆ, ಅದನ್ಯಾಕಪ್ಪ ಮುಚ್ಚೀಯೆ?” ಅಂದಳಂತೆ. ಮನೆಯ ಗೋಡೆಯ ಅದೇ ಹಳೇ ಮೊಳೆಗೆ ನೇತುಹಾಕಿದಳು. ಕುಂಕುಮವನ್ನೂ ಇಟ್ಟಳು, ಆದರೆ ಈ ಸಲ ವಿಮಾನಕ್ಕಲ್ಲ.

ಈಗಲೂ ಕಿರಂಗೂರಿನ ಮೇಲೆ ವಿಮಾನ ಹೋಗುತ್ತಿರುತ್ತದೆ. ಗುಯ್ ಎಂದು ಸದ್ದು ಬಂದರೆ ಹೊಸಬರು ಆಕಾಶ ನೋಡುತ್ತಾರೆ. ಊರಿನವರು ಮಾತ್ರ ಯಾರೂ ತಲೆ ಎತ್ತುವುದಿಲ್ಲ. ಎಲ್ಲರೂ ಒಟ್ಟಿಗೆ ತಲೆ ಬಗ್ಗಿಸಿ ಅಂದಾನಯ್ಯನ ಕಾಲು ನೋಡುತ್ತಾರೆ.